ಎಡಗಡೆಯಿಂದ ಬರುವವರು

ಮಾರ್ಚ್ 4, ಮಂಗಳವಾರ

ಇದು ಹೋದ ವರ್ಷದ ಡೈರಿ. ಇವಳ ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದು. ಪುಟದ ಮೇಲೆ ಸೋಮವಾರ ಎಂದು ಅಚ್ಚಾಗಿತ್ತು, ಹೊಡೆದುಹಾಕಿ ಮಂಗಳವಾರ ಮಾಡಿದ್ದೇನೆ. ದಿನವಿಡೀ ನೋಟ್‌ಬುಕ್ಕು, ಪೆನ್ನು, ಅಂಟು ಮಾರುವ ಹೆಂಗಸಿಗೆ ಗಂಡನಿಗೆ ಕೊಡಲು ಒಂದು ಹೊಸ ಡೈರಿ ಸಿಗಲಿಲ್ಲ. "ಮನೇಲಿ ಕೂತು ನನ್ನ ಮೇಲೆ ಕಾರಬೇಡಿ, ಇದರಲ್ಲಿ ಕಾರ್ಕೊಳ್ಳಿ," ಎಂದು ಮೇಜಿನ ಮೇಲೆ ಎಸೆದು ಹೋದಳು. ಕಾರುವುದು ನನಗೇನು ಹೊಸದಲ್ಲ. ಇಪ್ಪತ್ತಾರು ವರ್ಷದಿಂದ ಕಾರಿನಲ್ಲೇ ಇದ್ದೇನೆ.

ಡ್ರೈವಿಂಗ್ ಶಾಲೆಯ ಮೇಷ್ಟ್ರು ನಾನು. ಕಲಿಯುವವರು ಬಲಗಡೆ ಸ್ಟಿಯರಿಂಗ್ ಹಿಡಿದು ಬೆವರುತ್ತಾರೆ, ನಾನು ಎಡಗಡೆ ಕೂತು ನನ್ನ ಕಾಲಡಿಯ ಇನ್ನೊಂದು ಬ್ರೇಕಿನಿಂದ ಅವರ ಪ್ರಾಣ ಉಳಿಸುತ್ತೇನೆ. ಹೋದ ಶುಕ್ರವಾರ ನನ್ನ ಹತ್ತಿರ ಕಲಿಯುವ ನರ್ಸಮ್ಮ ಒಬ್ಬಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಾರಿನ ಎಡಮಗ್ಗುಲನ್ನು ಕಂಬಕ್ಕೆ ಉಜ್ಜಿದಳು. ಮುಂದಿನ ಬಾಗಿಲಿಂದ ಹಿಂದಿನ ದೀಪದವರೆಗೆ ಒಂದೇ ಗೆರೆ. "ನೀವೇ 'ಹೋಗಿ, ಜಾಗ ಇದೆ' ಅಂದ್ರಲ್ಲ ಸರ್," ಎಂದಳು. ಹೌದು, ಅಂದೆ. ಜಾಗ ಇತ್ತು, ಅದಕ್ಕೇ ಅಂದೆ. ಜಾಗ ಇದ್ದೂ ತಾಗಿಸಿದರೆ ಅದು ಸ್ಟಿಯರಿಂಗ್ ಹಿಡಿದವರ ತಪ್ಪೋ, ಕಂಬದ ತಪ್ಪೋ? ವರದಿಯಲ್ಲಿ ಬರೆದೆ: ಸೂಚನೆ ಮೀರಿದ್ದಾರೆ, ಪರೀಕ್ಷೆಗೆ ಯೋಗ್ಯರಲ್ಲ. ಈ ತಿಂಗಳ 28ರ ಪರೀಕ್ಷೆಯ ಪಟ್ಟಿಯಿಂದ ಶಾಲೆಯ ಯಜಮಾನರು ಅವಳ ಹೆಸರು ತೆಗೆದರು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಮೇಷ್ಟ್ರೇ, ಈ ವರ್ಷ ಇದು ಮೂರನೇ ಗೀರು. ಒಂದು ತಿಂಗಳು ಮನೇಲಿದ್ದು ಸುಧಾರಿಸ್ಕೊಳ್ಳಿ," ಎಂದರು. ಶಿಷ್ಯರ ತಲೆಯಲ್ಲಿ ಜೇಡಿಮಣ್ಣು ಇದ್ದರೆ ಸುಧಾರಿಸಿಕೊಳ್ಳಬೇಕಾದವನು ನಾನಂತೆ.

ಇದೇ ಸಮಯ ಎಂದು ಇವಳು ಅಟ್ಟದಿಂದ ತನ್ನ ತಮ್ಮನ ಹಳೇ ಸೈಕಲ್ ಇಳಿಸಿದಳು. "ಡಾಕ್ಟ್ರು ಶುಗರ್ ಇಳಿಸಿ ಅಂದಿದಾರೆ. ದಿನಾ ಒಂದು ಗಂಟೆ ತುಳೀರಿ." ನಾಳೆಯಿಂದ ಸೈಕಲ್ ದಾರಿ.

ಮಾರ್ಚ್ 6, ಗುರುವಾರ

ಹಳೇ ರೈಲು ಹಳಿ ಕಿತ್ತು, ಕಾಲುವೆಯ ಪಕ್ಕ ಏಳು ಕಿಲೋಮೀಟರ್ ನುಣ್ಣಗೆ ದಾರಿ ಮಾಡಿದ್ದಾರೆ. ಎರಡು ಬದಿ ಪೊದೆ, ಅಲ್ಲಲ್ಲಿ ಬೆಂಚು. ತಲೆಬಾಗಿಲಲ್ಲಿ ಫಲಕ: ಸೈಕಲ್‌ನವರು, ನಡೆಯುವವರು, ಎಲ್ಲರ ದಾರಿ. ಎಡಕ್ಕೆ ಇರಿ. ಬಲದಿಂದ ದಾಟಿ. ಗಂಟೆ ಬಾರಿಸಿ. ಹತ್ತು ಪದ. ಇಷ್ಟನ್ನು ಓದಿ ಪಾಲಿಸುವಷ್ಟು ಬುದ್ಧಿ ಈ ಊರಿನಲ್ಲಿ ನನ್ನನ್ನು ಬಿಟ್ಟು ಯಾರಿಗೂ ಇಲ್ಲ.

ಗಂಡ ಹೆಂಡತಿ ಒಂದು ಜೋಡಿ. ಅರವತ್ತು ದಾಟಿದೆ, ಇನ್ನೂ ಕೈ ಕೈ ಹಿಡಿದು ದಾರಿಯ ತುಂಬ ನಡೆಯುತ್ತಾರೆ. ಹಿಂದಿನಿಂದ ಕೆಮ್ಮಿದರೂ ಇಲ್ಲ, ಬೈದರೂ ಇಲ್ಲ. ಇವರಿಗೆ ಅಡ್ಡಗೋಡೆ ಎಂದು ಹೆಸರಿಟ್ಟಿದ್ದೇನೆ.

ಮೂರು ಚಕ್ರದ ಸೈಕಲ್ಲಿನ ಮುದುಕಿ ಒಬ್ಬಳು. ಯಾರಿದ್ದರೂ ಟ್ರಿಣ್, ಯಾರೂ ಇಲ್ಲದಿದ್ದರೂ ಟ್ರಿಣ್. ಗುಬ್ಬಚ್ಚಿಗೂ ಗಂಟೆ ಹೊಡೆಯುವುದನ್ನು ನೋಡಿದೆ. ಗಂಟೆಯಮ್ಮ.

ಮತ್ತೊಬ್ಬನ ಹೆಸರು ಬಾಣ. ಮೈಗಂಟಿದ ಬಟ್ಟೆ, ಹೊಟ್ಟು ತೆಗೆದ ಬಟಾಣಿಯಂಥ ಹೆಲ್ಮೆಟ್ಟು. ಎಲ್ಲೋ ಬೆಂಕಿ ಬಿದ್ದಿದೆ ಎನ್ನುವ ಹಾಗೆ ಹೋಗುತ್ತಾನೆ, ಏಳನೇ ಕಿಲೋಮೀಟರಿನಲ್ಲಿ ತಿರುಗಿ ಅಷ್ಟೇ ಅವಸರದಲ್ಲಿ ಬರುತ್ತಾನೆ. ಎರಡೂ ಕಡೆ ಅವನಿಗಾಗಿ ಯಾರೂ ಕಾದಿಲ್ಲ.

ಮಾರ್ಚ್ 9, ಭಾನುವಾರ

ಭಾನುವಾರ ಹೋಗಬಾರದು. ಸಂತೆ. ಮಕ್ಕಳು, ನಾಯಿ, ಚೆಂಡು, ಅಜ್ಜಂದಿರು. ಎಲ್ಲರೂ ಎಡಗಡೆಯಿಂದಲೇ ನುಗ್ಗುತ್ತಾರೆ. ಪೊದೆಯಿಂದ ಹಂದಿ ನುಗ್ಗಿದ ಹಾಗೆ.

ಮಾರ್ಚ್ 12, ಬುಧವಾರ

ಅಡುಗೆಮನೆಯ ಕಪಾಟಿನ ಬಾಗಿಲು ತೆರೆದಿಟ್ಟಿದ್ದಳು. ಎಡ ಹಣೆಗೆ ಬಡಿದು ಲಿಂಬೆಹಣ್ಣಿನ ಗಾತ್ರ ಊದಿದೆ. "ಅಷ್ಟು ದೊಡ್ಡ ಬಾಗಿಲು ಕಾಣಲಿಲ್ವಾ?" ಎಂದು ನನ್ನನ್ನೇ ಕೇಳುತ್ತಾಳೆ. ಬಾಗಿಲು ಮುಚ್ಚದವಳು ಅವಳು, ಊದಿಸಿಕೊಂಡವನು ನಾನು, ಪ್ರಶ್ನೆಯೂ ನನಗೇ.

ಸೈಕಲ್ ದಾರಿಯಲ್ಲೂ ಇದೇ ಕಥೆ. ಬಾಣ ಇವತ್ತು ನನ್ನ ಎಡಗಡೆ ಇದ್ದನಂತೆ. ನಾನು ಎಡಕ್ಕೆ ಸರಿದಾಗ ಅವನ ಚಕ್ರ ಹುಲ್ಲಿಗೆ ಇಳಿಯಿತು. "ಅಂಕಲ್, ಎರಡು ನಿಮಿಷದಿಂದ ನಿಮ್ಮ ಪಕ್ಕದಲ್ಲೇ ಬರ್ತಿದೀನಿ!" ಎಂದು ಅರಚಿದ. ಎರಡು ನಿಮಿಷವಂತೆ! ಗಾಳಿಯಲ್ಲಿ ಮೂಡಿ ಬಂದವನು. ಎಡಗಡೆಯಿಂದ ಯಾಕಪ್ಪ ಬಂದೆ, ಫಲಕ ಓದೋಕೆ ಬರಲ್ವಾ ಎಂದು ನಾನೂ ಬಿಡಲಿಲ್ಲ. ಸುಳ್ಳು ಹೇಳುವುದಕ್ಕೂ ಒಂದು ಅಳತೆ ಬೇಕು.

ಮಾರ್ಚ್ 15, ಶನಿವಾರ

ನಗರಸಭೆಗೆ ದೂರು ಬರೆದೆ. ಮೂರು ಪುಟ. ನಡೆಯುವವರಿಗೆ ಬೇರೆ ಸಮಯ, ಸೈಕಲ್‌ನವರಿಗೆ ಬೇರೆ ಸಮಯ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಪ್ರವೇಶ ಬೇಡ. ಮೂರು ಚಕ್ರ ಬೇಡವೇ ಬೇಡ. ಇವಳಿಗೆ ಓದಿ ಹೇಳಿದೆ. ಪೆನ್ಸಿಲ್ ಡಬ್ಬಗಳಿಗೆ ಬೆಲೆ ಚೀಟಿ ಅಂಟಿಸುತ್ತ ಕೂತಿದ್ದಳು.

"ಕೊನೆಗೆ ದಾರೀಲಿ ಉಳಿಯೋರು ಯಾರು?" ಎಂದಳು.

"ನಿಯಮ ಗೊತ್ತಿರೋರು."

"ಅಂದ್ರೆ ನೀವೊಬ್ರು."

"ಒಬ್ಬನಾದರೂ ಇದ್ದಾನಲ್ಲ."

"ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ..." ಎಂದು ಶುರುಮಾಡಿದಳು. ಆ ಗಾದೆಯನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಎದ್ದು ಬಂದೆ. ಏಳುವಾಗ ಎಡಗಡೆ ಇದ್ದ ನೀರಿನ ಲೋಟ ಉರುಳಿ ಬೆಲೆ ಚೀಟಿಗಳೆಲ್ಲ ನೆನೆದವು. ಲೋಟ ಇಡುವ ಜಾಗವೇ ಅದು?

ಮಾರ್ಚ್ 18, ಮಂಗಳವಾರ

ಬೇಡದವರು ಕಾಲಿಗೆ ತೊಡರುತ್ತಾರೆ. ನರ್ಸಮ್ಮ ಸೈಕಲ್ ದಾರಿಗೆ ಬಂದಿದ್ದಳು. ಏಳು ವರ್ಷದ ಮಗಳು ಕೆಂಪು ಸೈಕಲ್ಲಿನಲ್ಲಿ, ಹಿಂದೆ ತಾಯಿ ಓಡುತ್ತ. ಪಕ್ಕದ ಪುಟ್ಟ ಚಕ್ರಗಳನ್ನು ಬಿಚ್ಚಿ ಎರಡೇ ದಿನವಂತೆ. ಮಗು ಹಾವಿನ ಹಾಗೆ ಹೋಗುತ್ತಿತ್ತು. ತಾಯಿಯ ಸ್ಟಿಯರಿಂಗ್ ಮಗಳಿಗೂ ಬಂದಿದೆ.

ನಾನು ಬೆಂಚಿನ ಮೇಲೆ ಕೂತಿದ್ದೆ, ತಪ್ಪಿಸಿಕೊಳ್ಳಲಾಗಲಿಲ್ಲ.

"ಸರ್, ಒಂದು ಮಾತು. ಮನೆಮನೆಗೆ ಹೋಗಿ ರೋಗಿಗಳನ್ನ ನೋಡೋ ಕೆಲಸ ಸಿಕ್ಕಿದೆ. ಈ ತಿಂಗಳೊಳಗೆ ಲೈಸೆನ್ಸ್ ತೋರಿಸ್ಬೇಕು. ಇಲ್ಲದಿದ್ರೆ ಮತ್ತೆ ರಾತ್ರಿ ಪಾಳಿ. ಇವಳನ್ನ ಪಕ್ಕದ ಮನೇಲಿ ಮಲಗಿಸಿ ಹೋಗ್ಬೇಕು. ನಿಮ್ಮ ವರದಿ ಒಂದು..."

"ಕಂಬ ತಾಗಿಸಿದ್ದು ಯಾರು?"

"ನಾನೇ ಸರ್. ಆದ್ರೆ ನಾನು ನಿಲ್ಲಿಸಿದ್ದೆ. ಎಡಗಡೆ ಕಂಬ ಇದೆಯಲ್ಲಾ ಅಂತ ಕೇಳಿದೆ. ನೀವು ಆ ಕಡೆ ನೋಡಿ, ಏನೂ ಇಲ್ಲ, ಹೋಗಿ ಅಂದ್ರಿ."

ಇದು ನೆನಪಿದೆ. ನೋಡಿದೆ, ಏನೂ ಇರಲಿಲ್ಲ. ನನ್ನ ಕಣ್ಣಿಗಿಂತ ಅವಳ ಮಾತನ್ನು ನಂಬಬೇಕೆ? "ಇನ್ನಾರು ತಿಂಗಳು ಕಲೀರಿ. ಸಂಸಾರದ ಕಷ್ಟ ಹೇಳಿದ್ರೆ ಕಂಬ ಪಕ್ಕಕ್ಕೆ ಸರಿಯಲ್ಲ," ಎಂದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ನನ್ನ ಹಣೆಯ ಊತವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಗಳ ಹಿಂದೆ ಓಡಿದಳು.

ಒಳ್ಳೇ ಮಾತು ಹೇಳಿದೆ ಅನ್ನಿಸಿತು. ಕಂಬ ಸರಿಯಲ್ಲ ಅನ್ನುವುದು.

ಮಾರ್ಚ್ 21, ಶುಕ್ರವಾರ

ಇವತ್ತು ಬರೆಯುವುದಿಲ್ಲ.

ಮಾರ್ಚ್ 22, ಶನಿವಾರ

ಬರೆಯದಿದ್ದರೆ ಇವಳು ಕೇಳುತ್ತಾಳೆ, ಇವಳಿಗೆ ಹೇಳುವುದಕ್ಕಿಂತ ಇಲ್ಲಿ ಬರೆಯುವುದು ಸುಲಭ.

ನಿನ್ನೆ ಬೆಳಿಗ್ಗೆ ಏಳು ಗಂಟೆ. ಎರಡನೇ ಕಿಲೋಮೀಟರ್ ದಾಟಿದ ಮೇಲೆ ಅಡ್ಡಗೋಡೆ ಸಿಕ್ಕಿತು. ಕೆಮ್ಮಿದೆ. ಅವರು ದಾರಿಯ ಬಲಕ್ಕೆ ವಾಲಿಕೊಂಡು ಕಾಲುವೆಯಲ್ಲಿ ಏನನ್ನೋ ತೋರಿಸಿಕೊಳ್ಳುತ್ತಿದ್ದರು. ಬಲದಿಂದ ದಾಟಲು ಜಾಗವಿಲ್ಲ. ಗಂಟೆ ಬಾರಿಸಬಹುದಿತ್ತು. ನನ್ನ ಸೈಕಲ್ಲಿಗೆ ಗಂಟೆ ಇದೆ, ಒಮ್ಮೆಯೂ ಬಾರಿಸಿಲ್ಲ, ಯಾಕೆಂದರೆ ಗಂಟೆಯಮ್ಮನ ಸಾಲಿಗೆ ಸೇರುವುದು ನನಗೆ ಬೇಕಿರಲಿಲ್ಲ. ಎಡಗಡೆ ನೋಡಿದೆ. ಖಾಲಿ. ಎಡದಿಂದಲೇ ನುಗ್ಗಿದೆ.

ಖಾಲಿ ಇರಲಿಲ್ಲ. ಕೆಂಪು ಸೈಕಲ್ ಅಲ್ಲಿತ್ತು. ಮಗು ತನಗೆ ಹೇಳಿಕೊಟ್ಟ ಹಾಗೆ ಎಡ ಅಂಚಿನಲ್ಲೇ, ಅಳತೆ ಹಿಡಿದ ಹಾಗೆ, ನೆಟ್ಟಗೆ ಹೋಗುತ್ತಿತ್ತು. ನನ್ನ ಹ್ಯಾಂಡಲ್ ಅದರ ಭುಜಕ್ಕೆ ತಾಗಿದ ಮೇಲೆ ನನಗೆ ಕಂಡಿತು. ಮೊದಲು ಸದ್ದು, ಆಮೇಲೆ ಮಗು.

ನಾನೂ ಬಿದ್ದೆ. ನನ್ನದು ಬಿಡಿ. ಮಗುವಿನ ಗದ್ದ ಕಲ್ಲಿಗೆ ಬಡಿದು ರಕ್ತ ಅಂಗಿಯವರೆಗೆ ಇಳಿದಿತ್ತು. ಬಾಣ ಎಲ್ಲಿಂದಲೋ ಬಂದು ತನ್ನ ಸೈಕಲ್ಲನ್ನು ಹುಲ್ಲಿಗೆ ಎಸೆದು ಮಗುವನ್ನು ಎತ್ತಿಕೊಂಡ. ಅಡ್ಡಗೋಡೆಯ ಹೆಂಡತಿ ಕುತ್ತಿಗೆಯ ಬಟ್ಟೆ ಬಿಚ್ಚಿ ಗದ್ದಕ್ಕೆ ಒತ್ತಿದಳು. ಗಂಟೆಯಮ್ಮ ಮಾತ್ರ ನೇರ ನನ್ನ ಹತ್ತಿರ ಬಂದಳು. "ಎಡಗಡೆಯಿಂದ ದಾಟ್ತಾರೇನಯ್ಯಾ? ಅಷ್ಟೂ ತಿಳಿಯಲ್ವಾ ನಿನಗೆ?" ನನಗೆ. ಇಪ್ಪತ್ತಾರು ವರ್ಷ ಇದೇ ಮಾತನ್ನು ಮಾರಿ ಅನ್ನ ತಿಂದ ನನಗೆ.

"ಮಗು ಇರಲಿಲ್ಲ. ಎಲ್ಲಿಂದಲೋ ಬಂತು," ಎಂದೆ.

ನರ್ಸಮ್ಮ ಓಡಿ ಬಂದಳು. ಮಗಳ ಕೈ, ಕಾಲು, ಕುತ್ತಿಗೆ ಮುಟ್ಟಿ ನೋಡಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಕಾರಿನಲ್ಲಿ ಗೇರ್ ಬದಲಿಸಲು ನಡುಗುತ್ತಿದ್ದ ಕೈ ಇದೇನಾ ಅನ್ನಿಸಿತು. ಎರಡು ಹೊಲಿಗೆ ಬೀಳುತ್ತೆ, ಬೇರೇನಿಲ್ಲ ಎಂದು ಮಗಳನ್ನು ಬಾಣನ ತೋಳಲ್ಲೇ ಬಿಟ್ಟು ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. ಹೊಡೆಯುತ್ತಾಳೆ ಅಂದುಕೊಂಡೆ.

"ಸರ್, ನನ್ನ ಮೂಗನ್ನೇ ನೋಡಿ. ಕಣ್ಣು ಆಡಿಸ್ಬೇಡಿ. ಎಷ್ಟು ಬೆರಳು?"

"ಎರಡು." ಅವಳ ಎಡಗೈ ನನ್ನ ಬಲಕ್ಕಿತ್ತು.

"ಈ ಕೈಲಿ?"

"ಯಾವ ಕೈ?"

ಕತ್ತು ತಿರುಗಿಸಿದೆ. ಅವಳ ಬಲಗೈ ನನ್ನ ಎಡ ಕಿವಿಯಿಂದ ಒಂದು ಗೇಣು ಮುಂದಿತ್ತು. ಐದೂ ಬೆರಳು ಬಿಡಿಸಿದ್ದಳು.

"ಆ ಕಂಬಾನೂ ನಿಮಗೆ ಕಂಡಿರಲಿಲ್ಲ, ಅಲ್ವಾ ಸರ್?" ಎಂದಳು. ಮೆಲ್ಲಗೆ ಕೇಳಿದಳು. ಗಟ್ಟಿಯಾಗಿ ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮಾರ್ಚ್ 24, ಸೋಮವಾರ

ಕಣ್ಣಾಸ್ಪತ್ರೆ. ಇವಳು ಅಂಗಡಿ ಮುಚ್ಚಿ ಜೊತೆಗೆ ಬಂದಳು, ಬೇಡವೆಂದರೂ.

ಬೋಗುಣಿಯಂಥ ಯಂತ್ರದೊಳಗೆ ಗದ್ದ ಇಟ್ಟು ಕೂರಬೇಕು. ಒಳಗೆ ಅಲ್ಲಲ್ಲಿ ಚುಕ್ಕಿ ದೀಪ ಹೊತ್ತುತ್ತದೆ, ಕಂಡಾಗ ಗುಂಡಿ ಒತ್ತಬೇಕು. ಮಕ್ಕಳಾಟ. ಬಲಗಣ್ಣಿಗೆ ಸುಮಾರಾಗಿ ಆಡಿದೆ. ಎಡಗಣ್ಣಿಗೆ ಹಾಕಿದ ಮೇಲೆ ನಾಲ್ಕೈದು ದೀಪ ಬಂದು ನಿಂತೇ ಹೋಯಿತು. ಎಷ್ಟು ಹೊತ್ತು ಕಾದರೂ ಇಲ್ಲ. "ಅಮ್ಮಾ, ನಿನ್ನ ಯಂತ್ರ ಕೆಟ್ಟಿದೆ," ಎಂದೆ. ಆ ಹುಡುಗಿ ತಡೆದು ಹೇಳಿದಳು, "ದೀಪ ಬರ್ತಾ ಇದೆ ಸರ್."

ಕಣ್ಣಿನೊಳಗಿನ ಒತ್ತಡವಂತೆ. ವರ್ಷಗಟ್ಟಲೆ ಸದ್ದಿಲ್ಲದೆ ನರವನ್ನು ತಿನ್ನುತ್ತದಂತೆ. ನೋವಿಲ್ಲ, ಮಂಜಿಲ್ಲ, ಕಪ್ಪು ಪರದೆಯೂ ಇಲ್ಲ. ಕಾಣದ ಜಾಗವನ್ನು ತಲೆಯೇ ಏನೋ ತುಂಬಿಸಿ, ಖಾಲಿ ಎಂದು ತೋರಿಸುತ್ತದಂತೆ. ಎಡಗಣ್ಣು ಮುಕ್ಕಾಲು ಹೋಗಿದೆ. ಬಲಗಣ್ಣಿನಲ್ಲಿ ಮೂಗಿನ ಕಡೆಯದು ಸವೆದಿದೆ. "ಹೋಗಿದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ದಿನಕ್ಕೆರಡು ಸಲ ಹನಿ ಹಾಕ್ಕೊಳ್ಳಿ. ಗಾಡಿ ಮಾತ್ರ ಇನ್ನು ಬೇಡ, ಓಡಿಸೋದೂ ಬೇಡ, ಕಲಿಸೋದೂ ಬೇಡ," ಎಂದರು ಡಾಕ್ಟರು. ನನ್ನ ಮಗನ ವಯಸ್ಸು. ಅವರ ಮೇಜಿನ ಮೇಲಿದ್ದ ಪೆನ್ನಿಗೆ ಮುಚ್ಚಳವೂ ಇರಲಿಲ್ಲ.

ಮನೆಗೆ ಬರುವಾಗ ಇವಳು ನನ್ನ ಎಡಗೈ ಹಿಡಿದಿದ್ದಳು. ರಸ್ತೆಯಗಲಕ್ಕೆ. ಹಿಂದಿನವರಿಗೆ ದಾರಿಯೇ ಇರಲಿಲ್ಲ. ಬಿಡು ಎನ್ನಲಿಲ್ಲ.

ಮಾರ್ಚ್ 25, ಮಂಗಳವಾರ

ಬೆಳಿಗ್ಗೆ ಮೂರು ಸಲ ಚಪ್ಪಲಿ ಹಾಕಿ ಬಿಚ್ಚಿದೆ.

ಯಜಮಾನರ ಕೋಣೆಗೆ ಹೋಗಿ ಹೇಳಿದೆ. ಕಂಬ ನನಗೆ ಕಾಣಲಿಲ್ಲ, ಅವರು ನಿಲ್ಲಿಸಿ ಕೇಳಿದ್ದರು, ನಾನೇ ಮುಂದೆ ಕಳಿಸಿದೆ, ಹಿಂದಿನ ಎರಡು ಗೀರೂ ನನ್ನವೇ ಇರಬೇಕು. ಕಣ್ಣಾಸ್ಪತ್ರೆಯ ಚೀಟಿ ಮೇಜಿನ ಮೇಲಿಟ್ಟೆ. ಯಜಮಾನರು ಅದನ್ನು ಎರಡು ಸಲ ಓದಿದರು.

"ಇದನ್ನ ನೀವು ತೋರಿಸದೇ ಇದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ ಮೇಷ್ಟ್ರೇ. ಮುಂದಿನ ವಾರದಿಂದ ಕಾರಿಗೆ ಬನ್ನಿ ಅಂತ ಇವತ್ತೇ ಹೇಳಿ ಕಳಿಸೋನಿದ್ದೆ."

"ಬಂದಿದ್ರೆ ಯಾರನ್ನಾದ್ರೂ ಕೊಲ್ತಿದ್ದೆ."

ಹೊಸ ವರದಿ ಅಲ್ಲೇ ಬರೆದೆ. ಸೂಚನೆ ಕೊಟ್ಟವರ ತಪ್ಪು, ಶಿಷ್ಯೆಯದಲ್ಲ. 'ತಪ್ಪು' ಎನ್ನುವ ಪದವನ್ನು ಈ ಇಪ್ಪತ್ತಾರು ವರ್ಷದಲ್ಲಿ ಸಾವಿರ ಸಲ ಬರೆದಿರಬೇಕು. ನನ್ನ ಹೆಸರಿನ ಪಕ್ಕ ಬರೆದಾಗ ಅಕ್ಷರ ಸೊಟ್ಟಗಾಯಿತು. ಅವಳ ಹೆಸರು ಪಟ್ಟಿಗೆ ಮತ್ತೆ ಸೇರಿತು. ಉಳಿದ ಎರಡು ದಿನ ಶಾಲೆಯ ಇನ್ನೊಬ್ಬ, ಆಕಳಿಕೆ ಮೇಷ್ಟ್ರು, ಕಲಿಸುತ್ತಾನೆ. ಅವನು ಪಾಠದ ನಡುವೆ ನಿದ್ದೆ ಹೋದದ್ದನ್ನು ನಾನೇ ನೋಡಿದ್ದೇನೆ. ಆದರೆ ಎರಡೂ ಕಣ್ಣು ನೆಟ್ಟಗಿವೆ.

ನನಗೆ ಕಪ್ಪುಹಲಗೆಯ ಮುಂದೆ ರಸ್ತೆ ನಿಯಮ ಹೇಳಿಕೊಡುವ ಕೆಲಸವಂತೆ, ವಾರಕ್ಕೆ ಮೂರು ದಿನ. ಹಲಗೆಗೆ ಬ್ರೇಕೂ ಇಲ್ಲ, ಕ್ಲಚ್ಚೂ ಇಲ್ಲ. ಒಪ್ಪಿಕೊಂಡೆ.

ಮಾರ್ಚ್ 28, ಶುಕ್ರವಾರ

ನರ್ಸಮ್ಮ ಪಾಸು. ಸ್ವೀಟು, ಗೀಟು ಏನೂ ತರಲಿಲ್ಲ. ಬಾಗಿಲಲ್ಲೇ ನಿಂತು ಲೈಸೆನ್ಸ್ ತೋರಿಸಿದಳು. ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುತ್ತಾಳೆ.

ಮಗು ಹೇಗಿದೆ ಎಂದು ಕೇಳಿದೆ. ಹೊಲಿಗೆ ಬಿಚ್ಚಿದ್ದಾರೆ. ಆದರೆ ಸೈಕಲ್ ಮುಟ್ಟುತ್ತಿಲ್ಲ. ಮಾರಿಬಿಡು ಅನ್ನುತ್ತಿದ್ದಾಳಂತೆ.

"ನಾನು ಹೇಳಿ ನೋಡಿದೆ, ಆಗಲಿಲ್ಲ. ನೀವೇ ಬರಬೇಕು ಸರ್," ಎಂದಳು.

"ನಾನಾ? ನನ್ನ ಕಂಡ್ರೆ ಇನ್ನೂ ಹೆದರುತ್ತೆ."

"ಹೌದು, ಹೆದರ್ತಾಳೆ. ಅದಕ್ಕೇ. ಬೀಳಿಸಿದೋರೇ ಎಬ್ಬಿಸ್ಬೇಕು."

ಶಿಷ್ಯರು ಪಾಸಾದ ದಿನವೇ ಮೇಷ್ಟ್ರಿಗೆ ಆಜ್ಞೆ ಮಾಡಲು ಶುರುಮಾಡುತ್ತಾರೆ.

ಏಪ್ರಿಲ್ 6, ಭಾನುವಾರ

ಭಾನುವಾರ ಹೋಗಬಾರದು ಎಂದು ಬರೆದಿದ್ದೆ. ಹೋದೆ. ನರ್ಸಮ್ಮನಿಗೆ ರಜೆ ಇರುವುದು ಇವತ್ತೇ.

ಮಗು ಕೆಂಪು ಸೈಕಲ್ಲಿನಿಂದ ಮಾರು ದೂರ ನಿಂತಿತ್ತು. ಗದ್ದದ ಮೇಲೆ ಎಳೆಯ ಗೆರೆ. ನಾನು ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಯಿತು. ಈ ಕಣ್ಣಿಗೆ ಬೇಕಾದ್ದು ಕಾಣುವುದಿಲ್ಲ, ಬೇಡದ್ದು ಕಾಣುತ್ತದೆ.

"ನೀವು ಮತ್ತೆ ಗುದ್ದಲ್ವಾ?"

"ನಾನು ಸೈಕಲ್ಲೇ ತಂದಿಲ್ಲ, ನೋಡು."

"ಅವತ್ತು ಯಾಕೆ ಗುದ್ದಿದ್ರಿ?"

ತಾಯಿ ಬಾಯಿ ಹಾಕಲಿಲ್ಲ. ನಾನೇ ಹೇಳಬೇಕಾಯಿತು. "ನನಗೆ ಈ ಕಡೆ ಕಣ್ಣು ಕಾಣಲ್ಲ. ಅದು ನನಗೆ ಗೊತ್ತಿರಲಿಲ್ಲ. ನೀನು ಸರಿಯಾಗೇ ಹೋಗ್ತಿದ್ದೆ."

ಮಗು ನನ್ನ ಎಡಕ್ಕೆ ಬಂತು. "ಈಗ ಕಾಣ್ತೀನಾ?"

"ಇಲ್ಲ."

ಒಂದು ಹೆಜ್ಜೆ ಸರಿಯಿತು. "ಈಗ?"

"ಇಲ್ಲ."

ಹೀಗೆ ಮೂಗಿನ ಹತ್ತಿರದವರೆಗೂ ಬಂದು, ಕಂಡೆ ಎಂದಾಗ ನಕ್ಕಿತು. ನನ್ನ ಕಾಯಿಲೆ ಇದಕ್ಕೆ ಕಣ್ಣಾಮುಚ್ಚಾಲೆ. "ಹಾಗಾದ್ರೆ ನಾನು ಈ ಕಡೆ ಇರ್ತೀನಿ," ಎಂದು ನನ್ನ ಬಲಕ್ಕೆ ಸೈಕಲ್ ತಂದು ನಿಲ್ಲಿಸಿ ಹತ್ತಿತು.

ಸೀಟು ಹಿಡಿದು ಓಡಿದೆ. ಐವತ್ತೊಂದು ವರ್ಷ, ಈ ಹೊಟ್ಟೆ, ಈ ಮೊಣಕಾಲು. ಬಿಡಬೇಡಿ ಬಿಡಬೇಡಿ ಎಂದು ಕಿರುಚುತ್ತಲೇ ತುಳಿಯಿತು. ಇನ್ನೂರು ಮೀಟರ್ ಆದ ಮೇಲೆ ನಾನು ಬಿಡಲಿಲ್ಲ, ಅದೇ ನನ್ನನ್ನು ಬಿಟ್ಟಿತು. ಕೈ ಜಾರಿತು. ದಾರಿ ಎಡಕ್ಕೆ ತಿರುಗುವಲ್ಲಿ ಮಗು ತಟ್ಟನೆ ಇಲ್ಲವಾಯಿತು.

ಭಾನುವಾರದ ಸಂತೆ ಮುಂದಿತ್ತು. ಚೆಂಡು, ನಾಯಿ, ಎಲ್ಲ. ಕೂಗಲು ಉಸಿರಿರಲಿಲ್ಲ. ಅಷ್ಟರಲ್ಲಿ ಗಂಟೆಯಮ್ಮನ ಗಂಟಲು ಕೇಳಿತು. "ಮಗು ಬರ್ತಿದೆ, ದಾರಿ ಬಿಡ್ರೋ! ಬಿಡ್ರೀ!" ನಾನು ಪೂರ್ತಿ ಮೈ ತಿರುಗಿಸಿ ನೋಡುವ ಹೊತ್ತಿಗೆ ಅಡ್ಡಗೋಡೆ ಎರಡು ಹೋಳಾಗಿತ್ತು, ಗಂಡ ಆ ಅಂಚಿಗೆ, ಹೆಂಡತಿ ಈ ಅಂಚಿಗೆ. ಬಾಣ ಒಂದು ಕಾಲೂರಿ, ತೋಳು ಚಾಚಿ ಹಿಂದಿನ ಸೈಕಲ್‌ಗಳನ್ನೆಲ್ಲ ತಡೆದು ನಿಲ್ಲಿಸಿದ್ದ. ಮಗು ನಟ್ಟನಡುವೆ ಹೋಗುತ್ತಿತ್ತು. ಎಡಕ್ಕಲ್ಲ, ಬಲಕ್ಕಲ್ಲ, ನಟ್ಟನಡುವೆ. ಫಲಕದ ಒಂದು ನಿಯಮವೂ ಅಲ್ಲಿ ಉಳಿದಿರಲಿಲ್ಲ.

ನಾನು ದಾರಿಯ ಅಂಚಿನಲ್ಲಿ ಕೂತುಬಿಟ್ಟೆ. ಎಷ್ಟು ಹೊತ್ತು ಕೂತಿದ್ದೆನೋ. ಯಾರೋ "ತಗೊಳ್ಳಿ" ಎಂದ ಹಾಗಾಯಿತು. ಯಾರೂ ಕಾಣಲಿಲ್ಲ. ಆಮೇಲೆ ಅಡ್ಡಗೋಡೆಯ ಗಂಡ ನನ್ನ ಬೆನ್ನ ಹಿಂದಿನಿಂದ ಸುತ್ತಿ ಬಲಗಡೆಗೆ ಬಂದು ನಿಂತ, ಮತ್ತೊಮ್ಮೆ ಕೈ ಚಾಚಿದ. ನೀರಿನ ಬಾಟಲಿ.

ನೀರು ಬೆಚ್ಚಗಿತ್ತು. ಅಂಥವರ ಬಾಟಲಿಯಲ್ಲಿ ಇನ್ನೆಂಥದ್ದಿರುತ್ತದೆ? ಪೂರ್ತಿ ಕುಡಿದೆ.